ತೆಂಗಿನಕಾಯಿಯೂ ಪಾಸಿಟಿವ್: ಅಲರ್ಜಿಯ ರಕ್ತ ಪರೀಕ್ಷೆಯನ್ನು ಓದುವುದು ಹೇಗೆ

ಕಳೆದ ಆಟಿ ತಿಂಗಳಲ್ಲಿ, ಅಂದರೆ ಜುಲೈ ಹೊತ್ತಿಗೆ, ಮಲ್ಪೆಯಿಂದ ನನ್ನ ಅತ್ತಿಗೆ ಫೋನ್ ಮಾಡಿದರು. ಅವರ ಏಳು ವರ್ಷದ ಮಗಳಿಗೆ ಬೆಳಿಗ್ಗೆ ಎದ್ದ ಕೂಡಲೇ ಸೀನು, ಮೂಗು ಸೋರುವುದು, ರಾತ್ರಿ ಕೆಮ್ಮು. ಅದಕ್ಕೆಂದು ಫೆಬ್ರವರಿಯಲ್ಲಿ ಅಲರ್ಜಿಯ ರಕ್ತ ಪರೀಕ್ಷೆ ಮಾಡಿಸಿದ್ದರು. ನಾಲ್ಕು ಪುಟದ ರಿಪೋರ್ಟ್ ಬಂದಿತ್ತು, ಹದಿಮೂರು ಸಾಲುಗಳ ಮುಂದೆ ಪಾಸಿಟಿವ್ ಅಂತ ಇತ್ತು. ಧೂಳು, ಜಿರಳೆ ಬಿಟ್ಟರೆ ಉಳಿದ ಹನ್ನೊಂದೂ ತಿನ್ನುವ ವಸ್ತುಗಳೇ. ಮೊಟ್ಟೆ, ಗೋಧಿ, ಹೆಸರು, ಕಡಲೆ, ಸಿಗಡಿ, ಏಡಿ, ಹೀಗೆ ಹೋಗಿ ಕೊನೆಗೆ ತೆಂಗಿನಕಾಯಿ.

"ಐದು ತಿಂಗಳಾಯಿತು, ಎಲ್ಲ ಬಿಟ್ಟಿದ್ದೇವೆ. ಮಗುವಿನ ತೂಕ ಎರಡು ಕಿಲೋ ಇಳಿದಿದೆ. ಮೂಗು ಮಾತ್ರ ಇನ್ನೂ ಸೋರುತ್ತಾ ಉಂಟು. ತೆಂಗಿನಕಾಯಿ ಇಲ್ಲದೆ ನಾನು ಎಂತ ಅಡಿಗೆ ಮಾಡುವುದು, ನೀನೇ ಹೇಳು" ಅಂದರು. ಸ್ವರ ನಡುಗುತ್ತಿತ್ತು.

ನಾನು ಮಂಗಳೂರಿನ ಒಂದು ಲ್ಯಾಬಿನಲ್ಲಿ ಕೆಲಸ ಮಾಡುವವಳು. ಡಾಕ್ಟರ್ ಅಲ್ಲ, ಔಷಧಿ ಹೇಳುವುದು ನನ್ನ ಕೆಲಸ ಅಲ್ಲ. ಆದರೆ ಈ ಪರೀಕ್ಷೆಗೆ ರಕ್ತ ತೆಗೆದು, ಮಷಿನ್‌ಗೆ ಹಾಕಿ, ಬಂದ ನಂಬರನ್ನು ರಿಪೋರ್ಟಿಗೆ ಏರಿಸುವ ಕೆಲಸ ಎಷ್ಟೋ ವರ್ಷದಿಂದ ಮಾಡುತ್ತಿದ್ದೇನೆ. ಆ ನಂಬರ್ ಹೇಗೆ ಹುಟ್ಟುತ್ತದೆ ಅಂತ ಗೊತ್ತಿದ್ದರೆ ಅತ್ತಿಗೆ ಆ ಐದು ತಿಂಗಳು ಹಾಗೆ ಒದ್ದಾಡಬೇಕಿರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಈ ಪರೀಕ್ಷೆ ಅಳೆಯುವುದು ರಕ್ತದಲ್ಲಿರುವ ಐಜಿಇ (IgE) ಅನ್ನುವುದನ್ನು. ಮೊದಲು ಐಜಿಇ ಅಂದರೆ ಏನು ಅಂತ ನೋಡೋಣ. ಹೊರಗಿನಿಂದ ಬಂದದ್ದನ್ನು ಗುರುತು ಹಿಡಿಯಲು ನಮ್ಮ ದೇಹ ಕೆಲವು ಪ್ರೊಟೀನುಗಳನ್ನು ಮಾಡುತ್ತದೆ, ಅವಕ್ಕೆ ಆಂಟಿಬಾಡಿ ಅಂತಾರೆ. ಅವುಗಳಲ್ಲಿ ಐದು ಬಗೆ, ಐಜಿಇ ಅದರಲ್ಲಿ ಒಂದು. ರಕ್ತದಲ್ಲಿ ಎಲ್ಲಕ್ಕಿಂತ ಕಡಿಮೆ ಇರುವುದು ಇದೇ. ಐಜಿಜಿ ಅನ್ನುವ ಬಗೆ ಒಂದು ಮಿಲಿಲೀಟರ್ ರಕ್ತದ ನೀರಿನಲ್ಲಿ ಸುಮಾರು 10 ಮಿಲಿಗ್ರಾಂ ಇರುತ್ತದೆ. ಐಜಿಇ 100 ಯೂನಿಟ್ ಇದೆ ಅಂದರೆ ಅದು ಬರೀ 240 ನ್ಯಾನೋಗ್ರಾಂ. ಲೆಕ್ಕ ಹಾಕಿದರೆ ನಲವತ್ತು ಸಾವಿರ ಪಟ್ಟು ಕಡಿಮೆ!

ಇಷ್ಟು ಕಡಿಮೆ ಇರುವುದರಿಂದಲೇ ಇದನ್ನು ಹುಡುಕಲು ವಿಜ್ಞಾನಿಗಳಿಗೆ ಅಷ್ಟು ಕಾಲ ಹಿಡಿಯಿತು. ಇದರ ಕಥೆ ಶುರುವಾಗುವುದು ಮೀನಿನಿಂದ, ಹಾಗಾಗಿ ನಮ್ಮೂರಿನವರಿಗೆ ಇದನ್ನು ಹೇಳಲೇಬೇಕು. 1921ರಲ್ಲಿ ಜರ್ಮನಿಯಲ್ಲಿ ಹೈಂಜ್ ಕುಸ್ಟ್‌ನರ್ ಅನ್ನುವ ಡಾಕ್ಟರ್‌ಗೆ ಮೀನು ತಿಂದರೆ ಮೈಯೆಲ್ಲ ತುರಿಕೆ, ದದ್ದು. ಅವರ ಜೊತೆ ಕೆಲಸ ಮಾಡುತ್ತಿದ್ದ ಕಾರ್ಲ್ ಪ್ರೌಸ್ನಿಟ್ಸ್ ಅವರಿಗೆ ಮೀನಿನಿಂದ ಏನೂ ಆಗುತ್ತಿರಲಿಲ್ಲ. ಪ್ರೌಸ್ನಿಟ್ಸ್ ಏನು ಮಾಡಿದರು ಗೊತ್ತಾ? ಕುಸ್ಟ್‌ನರ್ ಅವರ ರಕ್ತದಿಂದ ತಿಳಿನೀರು ತೆಗೆದು ತಮ್ಮ ಚರ್ಮಕ್ಕೇ ಚುಚ್ಚಿಸಿಕೊಂಡರು, ಮರುದಿನ ಅದೇ ಜಾಗಕ್ಕೆ ಮೀನಿನ ರಸ ಚುಚ್ಚಿಸಿಕೊಂಡರು, ಆ ಜಾಗ ಮಾತ್ರ ಕೆಂಪಾಗಿ ಉಬ್ಬಿತು. ಅಂದರೆ ಅಲರ್ಜಿ ತರುವ ಏನೋ ಒಂದು ರಕ್ತದಲ್ಲಿ ಓಡಾಡುತ್ತದೆ, ಒಬ್ಬರಿಂದ ಇನ್ನೊಬ್ಬರಿಗೆ ದಾಟಿಸಬಹುದು ಅಂತ ಆಯಿತು. ಅದು ಯಾವುದು ಅಂತ ತಿಳಿಯಲು ಮತ್ತೆ 45 ವರ್ಷ ಬೇಕಾಯಿತು. 1966ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಕಿಮಿಶಿಗೆ ಮತ್ತು ಟೆರುಕೊ ಇಶಿಜಾಕಾ ಎಂಬ ಗಂಡಹೆಂಡತಿ, ಅದೇ ಹೊತ್ತಿಗೆ ಸ್ವೀಡನ್ನಿನಲ್ಲಿ ಯೋಹಾನ್ಸನ್ ಮತ್ತು ಬೆನ್ನಿಕ್, ಬೇರೆ ಬೇರೆ ದಾರಿಯಿಂದ ಹೋಗಿ ಒಂದನ್ನೇ ಕಂಡುಹಿಡಿದರು. 1968ರಲ್ಲಿ ಅದಕ್ಕೆ ಐಜಿಇ ಅಂತ ಹೆಸರಿಟ್ಟರು.

ಈ ಐಜಿಇ ಕೆಲಸ ಮಾಡುವ ರೀತಿ ಹೀಗೆ. ನಮ್ಮ ಚರ್ಮದಲ್ಲಿ, ಮೂಗಿನ ಒಳಗೆ, ಶ್ವಾಸನಾಳದಲ್ಲಿ, ಕರುಳಿನಲ್ಲಿ ಮಾಸ್ಟ್ ಸೆಲ್ ಅನ್ನುವ ಜೀವಕೋಶಗಳಿವೆ. ಅವುಗಳ ಹೊಟ್ಟೆ ತುಂಬಾ ಹಿಸ್ಟಮಿನ್ ಮುಂತಾದ ರಾಸಾಯನಿಕಗಳ ಪೊಟ್ಟಣಗಳು. ಐಜಿಇ ಹೋಗಿ ಈ ಕೋಶಗಳ ಮೈಮೇಲೆ ಕೂರುತ್ತದೆ. ಸಿಗಡಿಗೆಂದೇ ತಯಾರಾದ ಐಜಿಇ ಕೂತಿದೆ ಅಂತಿಟ್ಟುಕೊಳ್ಳಿ, ನೀವು ಸಿಗಡಿ ತಿಂದಾಗ ಅದರ ಪ್ರೊಟೀನು ಬಂದು ಎರಡು ಐಜಿಇಗಳನ್ನು ಒಟ್ಟಿಗೆ ಹಿಡಿದರೆ ಕೋಶ ಬಾಯಿ ತೆರೆದು ಪೊಟ್ಟಣಗಳನ್ನೆಲ್ಲ ಹೊರಗೆ ಚೆಲ್ಲುತ್ತದೆ. ಆಗ ತುರಿಕೆ, ಪಿತ್ತದ ಗಂಧೆ, ತುಟಿ ಊದುವುದು, ವಾಂತಿ, ದಮ್ಮು. ಜೋರಾದರೆ ಬಿಪಿ ಬಿದ್ದುಹೋಗುತ್ತದೆ, ಜೀವಕ್ಕೇ ಅಪಾಯ.

ಇಲ್ಲಿ ಒಂದು ವಿಷಯ ಗಮನಿಸಿ. ರಕ್ತದಲ್ಲಿ ತಿರುಗಾಡುವ ಐಜಿಇ ಎರಡು ಮೂರು ದಿನದಲ್ಲಿ ಅರ್ಧ ಆಗಿಬಿಡುತ್ತದೆ. ಮಾಸ್ಟ್ ಸೆಲ್ ಮೇಲೆ ಹತ್ತಿ ಕೂತದ್ದು ವಾರಗಟ್ಟಲೆ ಅಲ್ಲೇ ಇರುತ್ತದೆ. ನಾವು ಕೈಯಿಂದ ರಕ್ತ ತೆಗೆದು ಅಳೆಯುವುದು ದಾರಿಯಲ್ಲಿ ಓಡಾಡುತ್ತಿರುವ ಐಜಿಇಯನ್ನು ಮಾತ್ರ. ಕೆಲಸ ಮಾಡುವುದು ಆ ಕೂತಿರುವ ಐಜಿಇ. ಹಾಗಾಗಿ ರಿಪೋರ್ಟ್ ನೆಗೆಟಿವ್ ಬಂದೂ ನಿಜವಾಗಿ ಅಲರ್ಜಿ ಇರುವವರು ಇದ್ದಾರೆ, ಪಾಸಿಟಿವ್ ಬಂದೂ ಏನೂ ಆಗದವರು ಇನ್ನೂ ಜಾಸ್ತಿ ಇದ್ದಾರೆ.

ಈಗ ರಿಪೋರ್ಟಿಗೆ ಬರೋಣ. ಮೇಲುಗಡೆ ಸಾಮಾನ್ಯವಾಗಿ ಒಂದು ದೊಡ್ಡ ನಂಬರ್ ಇರುತ್ತದೆ, ಟೋಟಲ್ ಐಜಿಇ. ಕೆಲವು ಲ್ಯಾಬಿನಲ್ಲಿ ಐಯು ಪರ್ ಎಂಎಲ್ ಅಂತ ಬರೆಯುತ್ತಾರೆ, ಕೆಲವು ಕಡೆ ಕೆಯು ಪರ್ ಲೀಟರ್ ಅಂತ. ಎರಡೂ ಒಂದೇ, 300 ಅಂದರೆ ಎರಡರಲ್ಲೂ 300. ದೊಡ್ಡವರಿಗೆ 100ರ ಆಸುಪಾಸಿನ ಒಳಗಿದ್ದರೆ ನಾರ್ಮಲ್ ಅಂತ ಹೆಚ್ಚಿನ ಲ್ಯಾಬುಗಳು ಹಾಕುತ್ತವೆ. ಮಕ್ಕಳಿಗೆ ವಯಸ್ಸಿಗೆ ತಕ್ಕ ಹಾಗೆ ಬೇರೆ ಬೇರೆ ಮಿತಿ, ಯಾಕೆಂದರೆ ಹುಟ್ಟುವಾಗ ಐಜಿಇ ತೀರಾ ಕಡಿಮೆ ಇದ್ದು ಬೆಳೆಯುತ್ತಾ ಏರುತ್ತದೆ.

ಈ ಒಟ್ಟು ನಂಬರಿನಿಂದ ಯಾವುದಕ್ಕೆ ಅಲರ್ಜಿ ಅಂತ ಗೊತ್ತಾಗುವುದಿಲ್ಲ. ಅಲರ್ಜಿ ಇದೆ ಅಂತಲೂ ಖಾತ್ರಿ ಆಗುವುದಿಲ್ಲ. ನಮ್ಮ ಕರಾವಳಿಯಲ್ಲಂತೂ ಇದನ್ನು ಎರಡು ಸಲ ಯೋಚಿಸಬೇಕು, ಕಾರಣ ಹುಳ. ಐಜಿಇಯ ಹಳೆಯ ಕೆಲಸವೇ ಹುಳಗಳ ಜೊತೆ ಹೋರಾಡುವುದು ಅಂತ ವಿಜ್ಞಾನಿಗಳು ಭಾವಿಸುತ್ತಾರೆ. ಹೊಟ್ಟೆಯಲ್ಲಿ ಜಂತುಹುಳ, ಕೊಕ್ಕೆಹುಳ ಇದ್ದರೆ ಟೋಟಲ್ ಐಜಿಇ ಸಾವಿರ ದಾಟಬಹುದು, ಅಲರ್ಜಿಗೂ ಅದಕ್ಕೂ ಸಂಬಂಧವೇ ಇಲ್ಲದೆ. ಆನೆಕಾಲು ತರುವ ಫೈಲೇರಿಯಾ ಹುಳ ನಮ್ಮ ದಕ್ಷಿಣ ಕನ್ನಡ, ಉಡುಪಿಗೆ ಹೊಸದಲ್ಲ. ಅದರ ಮರಿಗಳಿಗೆ ಕೆಲವರ ಶ್ವಾಸಕೋಶ ವಿಪರೀತ ಕೆರಳುತ್ತದೆ, ಆಗ ರಾತ್ರಿ ಹೊತ್ತು ಕೆಮ್ಮು, ದಮ್ಮು, ಥೇಟ್ ಅಸ್ತಮಾದ ಹಾಗೆ. ಅವರ ರಕ್ತದಲ್ಲಿ ಐಜಿಇಯೂ ಇಯೊಸಿನೊಫಿಲ್ ಅನ್ನುವ ಬಿಳಿ ರಕ್ತಕಣಗಳೂ ವಿಪರೀತ ಜಾಸ್ತಿ ಇರುತ್ತವೆ. ಅದಕ್ಕೆ ಬೇಕಾದ ಮಾತ್ರೆಯೇ ಬೇರೆ, ಅಲರ್ಜಿ ಮಾತ್ರೆ ನುಂಗಿದರೆ ಹೋಗುವುದಿಲ್ಲ. ಇದಲ್ಲದೆ ಚರ್ಮದ ಎಕ್ಸಿಮಾ ಇರುವವರಿಗೆ, ಸಿಗರೇಟ್ ಸೇದುವವರಿಗೂ ಈ ನಂಬರ್ ಏರುವುದುಂಟು. ಅಸ್ತಮಾ ಇರುವವರ ಶ್ವಾಸಕೋಶದಲ್ಲಿ ಆಸ್ಪರ್ಜಿಲಸ್ ಅನ್ನುವ ಬೂಷ್ಟು ಸೇರಿಕೊಂಡು ತೊಂದರೆ ಕೊಡುತ್ತಿದೆಯಾ ಅಂತ ನೋಡಲು ಮಾತ್ರ ಟೋಟಲ್ ಐಜಿಇ ನಿಜಕ್ಕೂ ತುಂಬಾ ಉಪಯೋಗಕ್ಕೆ ಬರುತ್ತದೆ.

ಅದರ ಕೆಳಗಿನ ಉದ್ದ ಪಟ್ಟಿ ಸ್ಪೆಸಿಫಿಕ್ ಐಜಿಇ. ಒಂದೊಂದು ವಸ್ತುವಿಗೂ ಬೇರೆ ಬೇರೆ ಅಳತೆ. ಒಂದು ಸಣ್ಣ ಸ್ಪಂಜಿನಂಥದ್ದಕ್ಕೆ ಸಿಗಡಿಯ ಪ್ರೊಟೀನು ಅಂಟಿಸಿರುತ್ತಾರೆ. ಅದರ ಮೇಲೆ ನಿಮ್ಮ ರಕ್ತದ ತಿಳಿ ಹಾಕಿದರೆ ಸಿಗಡಿಗೆ ಹೊಂದುವ ಐಜಿಇ ಮಾತ್ರ ಹಿಡಿದುಕೊಳ್ಳುತ್ತದೆ, ಉಳಿದದ್ದನ್ನು ತೊಳೆದು ತೆಗೆಯುತ್ತೇವೆ. ಆಮೇಲೆ ಐಜಿಇಯನ್ನೇ ಹುಡುಕಿ ಹಿಡಿಯುವ, ಬೆಳಕು ಬರಿಸುವ ಇನ್ನೊಂದು ಆಂಟಿಬಾಡಿ ಹಾಕುತ್ತೇವೆ. ಎಷ್ಟು ಬೆಳಕು ಬಂತೋ ಅಷ್ಟು ಐಜಿಇ. ಒಂದೇ ಪಟ್ಟಿಯ ಮೇಲೆ ಹತ್ತಿಪ್ಪತ್ತು ಗೆರೆ ಹಾಕಿ ಒಟ್ಟಿಗೆ ನೋಡುವ ಅಗ್ಗದ ವಿಧಾನವೂ ಇದೆ, ಅದು ಅಂದಾಜು ಲೆಕ್ಕ. ಎರಡು ಲ್ಯಾಬಿನ, ಎರಡು ವಿಧಾನದ ನಂಬರುಗಳನ್ನು ಅಕ್ಕಪಕ್ಕ ಇಟ್ಟು ಏರಿತು ಇಳಿಯಿತು ಅಂತ ಹೇಳಲು ಬರುವುದಿಲ್ಲ.

ನಂಬರಿನ ಪಕ್ಕ ಕ್ಲಾಸ್ ಅಂತ ಇರುತ್ತದೆ. 0.35ಕ್ಕಿಂತ ಕಡಿಮೆ ಇದ್ದರೆ ಕ್ಲಾಸ್ 0. ಅಲ್ಲಿಂದ 0.70ರ ತನಕ 1, 3.5ರ ತನಕ 2, 17.5ರ ತನಕ 3, 50ರ ತನಕ 4, 100ರ ತನಕ 5, ಅದರಾಚೆ 6. ಇದನ್ನು ನೋಡಿದ ಎಲ್ಲರೂ ಕ್ಲಾಸ್ 5 ಅಂದರೆ ಭಯಂಕರ ರಿಯಾಕ್ಷನ್, ಕ್ಲಾಸ್ 1 ಅಂದರೆ ಸ್ವಲ್ಪ ತುರಿಕೆ ಅಂತ ಅಂದುಕೊಳ್ಳುತ್ತಾರೆ. ತಪ್ಪು. ನಂಬರ್ ದೊಡ್ಡದಾದಷ್ಟೂ ಅದು ನಿಜವಾದ ಅಲರ್ಜಿ ಆಗಿರುವ ಸಂಭವ ಜಾಸ್ತಿ, ಅಷ್ಟೇ. ಬಂದರೆ ಎಷ್ಟು ಜೋರಾಗಿ ಬರುತ್ತದೆ ಅಂತ ಅದರಲ್ಲಿ ಇಲ್ಲ. ಕ್ಲಾಸ್ 2 ಇದ್ದವರು ಕ್ಯಾಶುವಾಲ್ಟಿಗೆ ಹೋಗಬೇಕಾಗಿ ಬರಬಹುದು, ಕ್ಲಾಸ್ 4 ಇದ್ದವರು ದಿನಾ ಅದನ್ನೇ ತಿಂದು ಹಾಯಾಗಿರಬಹುದು.

ದಿನಾ ತಿಂದು ಹಾಯಾಗಿರುವವರ ರಕ್ತದಲ್ಲಿ ಐಜಿಇ ಯಾಕೆ ಬರುತ್ತದೆ? ಇಲ್ಲಿಯೇ ಎಲ್ಲರೂ ಎಡವುವುದು, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ದೇಹ ಒಂದು ವಸ್ತುವನ್ನು ಗುರುತಿಟ್ಟುಕೊಂಡಿದೆ ಅನ್ನುವುದು ಒಂದು ಮಾತು. ಆ ವಸ್ತು ಬಂದಾಗ ದೇಹ ಕೆರಳುತ್ತದೆ ಅನ್ನುವುದು ಇನ್ನೊಂದು ಮಾತು. ಮೊದಲನೆಯದನ್ನು ಡಾಕ್ಟರುಗಳು ಸೆನ್ಸಿಟೈಸೇಶನ್ ಅಂತಾರೆ, ಎರಡನೆಯದು ಮಾತ್ರ ಅಲರ್ಜಿ. ರಕ್ತ ಪರೀಕ್ಷೆ ತೋರಿಸುವುದು ಮೊದಲನೆಯದನ್ನು. ಎರಡನೆಯದು ಗೊತ್ತಾಗಬೇಕಾದರೆ ನೀವು ತಿಂದಾಗ, ಉಸಿರಾಡಿದಾಗ ಏನಾಯಿತು ಅನ್ನುವ ವಿವರ ಬೇಕು.

ಜೊತೆಗೆ ಒಂದೇ ಥರ ಕಾಣುವ ಪ್ರೊಟೀನುಗಳ ಗೊಂದಲ ಬೇರೆ. ನಮ್ಮ ಹಾಸಿಗೆ, ದಿಂಬಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿ ಇದೆ, ಡಸ್ಟ್ ಮೈಟ್. ಒಂದು ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟೂ ಉದ್ದ ಇಲ್ಲ. ನಮ್ಮ ಮೈಯಿಂದ ಉದುರುವ ಚರ್ಮದ ಹುಡಿ ಅದರ ಊಟ. ಅದು ನೀರು ಕುಡಿಯುವುದಿಲ್ಲ, ಗಾಳಿಯ ಪಸೆಯನ್ನೇ ಹೀರಿಕೊಂಡು ಬದುಕುತ್ತದೆ. ಮಳೆಗಾಲದಲ್ಲಿ ಬಟ್ಟೆ ಒಣಗದೆ, ಗೋಡೆಗೆ ಬೂಷ್ಟು ಹತ್ತಿ, ಉಪ್ಪು ನೀರಾಗುವ ನಮ್ಮ ಮನೆಗಳಿಗಿಂತ ಒಳ್ಳೆ ಜಾಗ ಅದಕ್ಕೆ ಎಲ್ಲಿ ಸಿಗಬೇಕು? ಈ ಮೈಟ್, ಜಿರಳೆ, ಸಿಗಡಿ, ಏಡಿ ಎಲ್ಲ ದೂರದ ನೆಂಟರು. ಇವುಗಳ ಮಾಂಸಖಂಡದಲ್ಲಿ ಟ್ರೋಪೊಮಯೋಸಿನ್ ಅನ್ನುವ ಪ್ರೊಟೀನು ಹೆಚ್ಚುಕಮ್ಮಿ ಒಂದೇ ಥರ ಇರುತ್ತದೆ. ಮೈಟ್‌ನ ಈ ಪ್ರೊಟೀನಿಗೆ ಐಜಿಇ ಮಾಡಿಕೊಂಡವರ ರಕ್ತ ಲ್ಯಾಬಿನಲ್ಲಿ ಸಿಗಡಿಯ ಸ್ಪಂಜಿಗೂ ಅಂಟುತ್ತದೆ. ರಿಪೋರ್ಟಿನಲ್ಲಿ ಸಿಗಡಿ ಪಾಸಿಟಿವ್. ಅವರು ಜೀವಮಾನವಿಡೀ ಸಿಗಡಿ ಸುಕ್ಕ ತಿಂದು ಒಂದು ಸಲವೂ ಮೈ ತುರಿಸಿಕೊಂಡಿರುವುದಿಲ್ಲ. ಕೆಲವರಿಗೆ ನಿಜವಾಗಿಯೂ ಮೈಟ್, ಸಿಗಡಿ ಎರಡಕ್ಕೂ ಅಲರ್ಜಿ ಇರುತ್ತದೆ, ಹಾಗಾಗಿಯೇ ನಿಮ್ಮ ಕಥೆ ಮುಖ್ಯ.

ಗೋಧಿ, ಕಡಲೆ, ತೆಂಗಿನಕಾಯಿ ಅಂತ ಸಸ್ಯದ ಪದಾರ್ಥಗಳೆಲ್ಲ ಸಾಲಾಗಿ ಸ್ವಲ್ಪ ಸ್ವಲ್ಪ ಪಾಸಿಟಿವ್ ಬಂದಿದ್ದರೆ ಅಲ್ಲಿಯೂ ಇಂಥದ್ದೇ ಗೊಂದಲ ಇರಬಹುದು. ಎಷ್ಟೋ ಸಸ್ಯಗಳ ಪ್ರೊಟೀನಿಗೆ ಒಂದೇ ಬಗೆಯ ಸಕ್ಕರೆಯ ಸರಪಳಿ ಅಂಟಿಕೊಂಡಿರುತ್ತದೆ. ಆ ಸರಪಳಿಗೆ ಐಜಿಇ ಇದ್ದರೆ ಎಲ್ಲ ಸಾಲಿನಲ್ಲೂ ನಂಬರ್ ಏಳುತ್ತದೆ, ತಿಂದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ.

ಇನ್ನು ಇದಕ್ಕೆ ಉಲ್ಟಾ ಕೇಸು. ಬಂಗುಡೆ ತಿಂದು ಅರ್ಧ ಗಂಟೆಯಲ್ಲಿ ಮುಖ ಕೆಂಪಾಗಿ, ತಲೆ ಸಿಡಿದು, ಎದೆ ಹೊಡೆದುಕೊಂಡು, ಮೈಯೆಲ್ಲ ದದ್ದು ಬರುತ್ತದೆ. ರಕ್ತ ಪರೀಕ್ಷೆಯಲ್ಲಿ ಮೀನು ನೆಗೆಟಿವ್. "ನಿಮ್ಮ ಪರೀಕ್ಷೆ ಸರಿ ಇಲ್ಲ" ಅಂತ ನಮ್ಮ ಲ್ಯಾಬಿಗೇ ಬಂದು ಒಬ್ಬರು ಬೇಜಾರು ಮಾಡಿಕೊಂಡಿದ್ದರು. ನಾನು ಕೇಳಿದ್ದು ಒಂದೇ: ಅದೇ ಮೀನು ತಿಂದ ಮನೆಯ ಬೇರೆಯವರಿಗೆ ಏನಾದರೂ ಆಯಿತಾ? ಆಗಿತ್ತು, ಅವರ ಹೆಂಡತಿಗೂ ಅದೇ ಥರ. ಬಂಗುಡೆ, ಕೇದರದಂಥ ಮೀನುಗಳ ಮಾಂಸದಲ್ಲಿ ಹಿಸ್ಟಿಡಿನ್ ಅನ್ನುವ ಅಮೈನೊ ಆಮ್ಲ ಜಾಸ್ತಿ. ಹಿಡಿದ ಮೇಲೆ ಸರಿಯಾಗಿ ಐಸ್ ಹಾಕದಿದ್ದರೆ ಬ್ಯಾಕ್ಟೀರಿಯಾ ಅದನ್ನು ಹಿಸ್ಟಮಿನ್ ಮಾಡಿಬಿಡುತ್ತವೆ. ಒಮ್ಮೆ ಹಿಸ್ಟಮಿನ್ ಆದರೆ ಕುದಿಸಿದರೂ ಕಾವಲಿಯಲ್ಲಿ ಹುರಿದರೂ ಹೋಗುವುದಿಲ್ಲ. ನಮ್ಮ ಮಾಸ್ಟ್ ಸೆಲ್ ಚೆಲ್ಲಬೇಕಾದ ಹಿಸ್ಟಮಿನ್ ನೇರವಾಗಿ ತಟ್ಟೆಯಲ್ಲೇ ಬಂದಂತಾಯಿತು. ಇದಕ್ಕೆ ಐಜಿಇ ಬೇಕಾಗಿಲ್ಲ, ಹಾಗಾಗಿ ಪರೀಕ್ಷೆಯಲ್ಲಿ ಕಾಣುವುದೂ ಇಲ್ಲ. ಅವರು ಬಂಗುಡೆಯನ್ನೇ ಬಿಡಬೇಕಾಗಿಲ್ಲದೆ ಇರಬಹುದು. ಡಾಕ್ಟರಿಗೆ ಈ ವಿಷಯ ಪೂರ್ತಿ ಹೇಳಿ ಅಂತ ಕಳುಹಿಸಿದೆ.

ಈ ಪರೀಕ್ಷೆಗೆ ಕಾಣದ ವಿಷಯಗಳು ಇನ್ನೂ ಇವೆ. ಗೇರುಬೀಜದ ಸಿಪ್ಪೆಯ ಎಣ್ಣೆ, ಮಾವಿನ ಸೊನೆ ತಾಗಿ ಚರ್ಮ ಸುಟ್ಟ ಹಾಗೆ ಆಗುವುದು ಐಜಿಇಯಿಂದ ಅಲ್ಲ, ಅದು ಬೇರೆ ಜೀವಕೋಶಗಳ ಕೆಲಸ, ಅದಕ್ಕೆ ಬೆನ್ನಿಗೆ ಪಟ್ಟಿ ಅಂಟಿಸುವ ಪ್ಯಾಚ್ ಟೆಸ್ಟ್ ಮಾಡುತ್ತಾರೆ. ಗೇರುಬೀಜವನ್ನು ತಿಂದು ಬರುವ ಅಲರ್ಜಿ ಮಾತ್ರ ಐಜಿಇಯದ್ದು, ಅದು ಜೋರಾಗಿಯೇ ಬರಬಹುದು. ಹಾಲು ಕುಡಿದರೆ ಹೊಟ್ಟೆ ಉಬ್ಬರ, ಭೇದಿ ಆಗುವುದು ಹೆಚ್ಚಾಗಿ ಹಾಲಿನ ಸಕ್ಕರೆ ಜೀರ್ಣ ಆಗದೆ. ನೋವಿನ ಮಾತ್ರೆ ನುಂಗಿ ಮುಖ ಊದಿದರೆ ಸಾಮಾನ್ಯವಾಗಿ ಅದಕ್ಕೆ ರಕ್ತ ಪರೀಕ್ಷೆಯೇ ಇಲ್ಲ. ಆರು ವಾರಕ್ಕಿಂತ ಹೆಚ್ಚು ಕಾಲ ದಿನಾ ಬಂದು ಹೋಗುವ ಪಿತ್ತದ ಗಂಧೆಗೆ ಊಟ ಕಾರಣ ಆಗಿರುವುದು ಅಪರೂಪ, ಸುಮ್ನೆ ದೊಡ್ಡ ಪಟ್ಟಿ ಪರೀಕ್ಷೆ ಮಾಡಿಸಿ ದುಡ್ಡು ಕಳೆಯಬೇಡಿ.

ದುಡ್ಡಿನ ಮಾತು ಬಂದದ್ದಕ್ಕೆ ಇನ್ನೊಂದು. ಐಜಿಜಿ4 ಅಥವಾ ಐಜಿಜಿ ಫುಡ್ ಪ್ಯಾನೆಲ್ ಅಂತ ನೂರಾರು ಆಹಾರಗಳ ಪಟ್ಟಿ ಕೊಡುವ ಪರೀಕ್ಷೆ ಸಿಗುತ್ತದೆ. ಹೆಸರು ಒಂದೇ ಥರ ಕೇಳುತ್ತದೆ, ಆದರೆ ಅದು ಅಲರ್ಜಿಯ ಪರೀಕ್ಷೆ ಅಲ್ಲವೇ ಅಲ್ಲ. ಐಜಿಜಿ4 ಇದೆ ಅಂದರೆ ನೀವು ಆ ಆಹಾರ ತಿನ್ನುತ್ತಿದ್ದೀರಿ, ದೇಹಕ್ಕೆ ಅದರ ಪರಿಚಯ ಇದೆ ಅಂತ ಮಾತ್ರ ಅರ್ಥ. ಇದನ್ನು ನೋಡಿ ಆಹಾರ ಬಿಡಬೇಡಿ ಅಂತ ಯುರೋಪಿನ ಅಲರ್ಜಿ ತಜ್ಞರ ಸಂಘ 2008ರಲ್ಲೇ ಸ್ಪಷ್ಟವಾಗಿ ಹೇಳಿದೆ.

ರಕ್ತ ಕೊಡಲು ಬರುವವರು ಕೇಳುವ ಪ್ರಶ್ನೆಗಳಿಗೆ ಬೇಗ ಹೇಳಿಬಿಡುತ್ತೇನೆ. ಖಾಲಿ ಹೊಟ್ಟೆ ಬೇಡ. ಸೆಟ್ರಿಜಿನ್‌ನಂಥ ಅಲರ್ಜಿ ಮಾತ್ರೆ ನಿಲ್ಲಿಸಬೇಕಾಗಿಲ್ಲ, ಅದನ್ನು ಕೆಲವು ದಿನ ನಿಲ್ಲಿಸಬೇಕಾದ್ದು ಚರ್ಮಕ್ಕೆ ಚುಚ್ಚಿ ನೋಡುವ ಪ್ರಿಕ್ ಟೆಸ್ಟಿಗೆ. ಐಜಿಇಯನ್ನು ಹಿಡಿದು ಕಟ್ಟಿಹಾಕುವ ಒಮಾಲಿಜುಮಾಬ್ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ, ಅದರಿಂದ ಟೋಟಲ್ ಐಜಿಇ ಏರಿ ಕಾಣುತ್ತದೆ. ಮತ್ತೆ ಮುಖ್ಯವಾದದ್ದು, ಡಾಕ್ಟರ ಹತ್ತಿರ ಹೋಗುವ ಮೊದಲು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ: ಏನು ತಿಂದದ್ದು, ಎಷ್ಟು ಹೊತ್ತಿಗೆ ಶುರುವಾಯಿತು, ಏನೇನಾಯಿತು, ಅದೇ ವಸ್ತು ಮೊದಲು ತಿಂದಾಗ ಆಗಿತ್ತಾ, ಜೊತೆಗೆ ತಿಂದವರಿಗೆ ಆಯಿತಾ. ಆ ಚೀಟಿ ನೋಡಿ ಡಾಕ್ಟರ್ ಎರಡೋ ಮೂರೋ ವಸ್ತುವಿಗೆ ಪರೀಕ್ಷೆ ಬರೆದರೆ ಬರುವ ಉತ್ತರಕ್ಕೆ ಅರ್ಥ ಇರುತ್ತದೆ. ಏನೂ ಕೇಳದೆ ಐವತ್ತು ವಸ್ತುವಿನ ಪಟ್ಟಿ ಮಾಡಿಸಿದರೆ ಒಂದಲ್ಲ ಒಂದು ಪಾಸಿಟಿವ್ ಬಂದೇ ಬರುತ್ತದೆ.

ಒಂದು ಎಚ್ಚರಿಕೆ. ಇದನ್ನೆಲ್ಲ ಓದಿ, ಹಿಂದೊಮ್ಮೆ ಸಿಗಡಿ ತಿಂದು ಉಸಿರುಗಟ್ಟಿದವರು, ತುಟಿ ನಾಲಿಗೆ ಊದಿದವರು, "ಇರಲಿ, ಒಮ್ಮೆ ತಿಂದು ನೋಡುವ" ಅಂತ ಮನೆಯಲ್ಲಿ ಖಂಡಿತ ಮಾಡಬೇಡಿ, ರಿಪೋರ್ಟ್ ನೆಗೆಟಿವ್ ಇದ್ದರೂ ಮಾಡಬೇಡಿ. ತಿಂದು ನೋಡುವ ಪರೀಕ್ಷೆಯನ್ನು ಆಸ್ಪತ್ರೆಯಲ್ಲಿ, ಜೋರಾದ ರಿಯಾಕ್ಷನ್ನಿಗೆ ಕೊಡುವ ಅಡ್ರಿನಲಿನ್ ಇಂಜೆಕ್ಷನ್ ಪಕ್ಕದಲ್ಲಿ ಇಟ್ಟುಕೊಂಡೇ ಮಾಡುತ್ತಾರೆ.

ಅತ್ತಿಗೆ ರಿಪೋರ್ಟಿನ ಫೋಟೋ ಕಳುಹಿಸಿದರು. ಡಸ್ಟ್ ಮೈಟ್ 42, ಕ್ಲಾಸ್ 4. ಸಿಗಡಿ 1.2. ತೆಂಗಿನಕಾಯಿ 0.41. ಮೊಟ್ಟೆ, ಗೋಧಿ ಎಲ್ಲ ಒಂದರ ಒಳಗೆ. ಟೋಟಲ್ 780. "ಅತ್ತಿಗೆ, ಪರೀಕ್ಷೆಗೆ ಮೊದಲು ಇವಳು ಇದನ್ನೆಲ್ಲ ತಿನ್ನುತ್ತಿದ್ದಳಾ?" ಅಂತ ಕೇಳಿದೆ. "ದಿನಾ ತಿನ್ನುತ್ತಿದ್ದಳು." "ತಿಂದ ಮೇಲೆ ಏನಾದರೂ ಆಗುತ್ತಿತ್ತಾ?" ಸ್ವಲ್ಪ ಹೊತ್ತು ಮಾತಿಲ್ಲ. "ಇಲ್ಲ. ಬೆಳಿಗ್ಗೆ ಹಾಸಿಗೆಯಿಂದ ಏಳುವಾಗ ಮಾತ್ರ ಸೀನು."

ಅವರನ್ನು ಅಲರ್ಜಿ ನೋಡುವ ಡಾಕ್ಟರ ಹತ್ತಿರ ಕಳುಹಿಸಿದೆ. ಅವರೂ ಇದೇ ಎರಡು ಪ್ರಶ್ನೆ ಕೇಳಿದರಂತೆ. ಹುಳಕ್ಕಾಗಿ ಮಲ ಪರೀಕ್ಷೆ ಬರೆದರು, ಮೂಗಿಗೆ ಸ್ಪ್ರೇ ಕೊಟ್ಟರು. ತೆಂಗಿನಕಾಯಿ, ಗೋಧಿ, ಬೇಳೆಕಾಳು ಅವತ್ತಿನಿಂದಲೇ ಶುರು ಮಾಡಿ ಅಂದರು. ಮೊಟ್ಟೆ, ಸಿಗಡಿ, ಏಡಿ ಐದು ತಿಂಗಳು ಬಿಟ್ಟಿದ್ದರಿಂದ, ಚಿಕ್ಕ ಮಕ್ಕಳಲ್ಲಿ ಹಾಗೆ ಬಿಟ್ಟು ಮತ್ತೆ ಕೊಡುವಾಗ ತೊಂದರೆ ಆಗುವ ಸಂಭವ ಇರುವುದರಿಂದ, ಮೂರನ್ನೂ ಬೇರೆ ಬೇರೆ ದಿನ ಆಸ್ಪತ್ರೆಯಲ್ಲಿ ಕೂರಿಸಿಕೊಂಡು ಚೂರು ಚೂರೇ ಕೊಟ್ಟು ನೋಡಿದರು. ಏನೂ ಆಗಲಿಲ್ಲ.

ಈಗ ವಾರಕ್ಕೊಮ್ಮೆ ಬೆಡ್‌ಶೀಟ್, ದಿಂಬಿನ ಕವರ್ 60 ಡಿಗ್ರಿ ಬಿಸಿನೀರಿನಲ್ಲಿ ತೊಳೆಯುತ್ತಾರೆ, ಆ ಬಿಸಿಗೆ ಮೈಟ್ ಸಾಯುತ್ತದೆ. ಹತ್ತಿಯ ಹಳೆ ಹಾಸಿಗೆ ತೆಗೆದು ಹೊಸದಕ್ಕೆ ಜಿಪ್ ಇರುವ ದಟ್ಟ ನೇಯ್ಗೆಯ ಕವರ್ ಹಾಕಿದ್ದಾರೆ. ಮಳೆಗಾಲದಲ್ಲಿ ಅಷ್ಟು ಬಟ್ಟೆ ಒಣಗಿಸುವುದು ದೊಡ್ಡ ಕಷ್ಟ, ಅಡಿಗೆಮನೆಯ ಒಲೆಯ ಮೇಲುಗಡೆ ಹಗ್ಗ ಕಟ್ಟಿದ್ದಾರಂತೆ. ಒಲೆಯ ಮೇಲೆ ಅವತ್ತು ತೆಂಗಿನಕಾಯಿ ಅರೆದು ಹಾಕಿದ ಸಿಗಡಿ ಗಸಿ ಕುದಿಯುತ್ತಿತ್ತು ಅಂತ ಅತ್ತಿಗೆ ಫೋನಿನಲ್ಲಿ ಹೇಳಿದರು.